ನಮ್ಮ ಖಾನಾವಳಿ ಉಡುಪಿ ಹೋಟೆಲಾದ ಸಂಗತಿ

ಸವಣೂರು
ತಾ. 3–3–1958

ಚಿ. ಶಂಕ್ರವ್ವಳಿಗೆ ಕಾಕಾ ಲಕ್ಕಪ್ಪನ ಆಶೀರ್ವಾದ.

ಪತ್ರದ ಮೊದಲಿಗೆ ಎಲ್ಲರೂ ಕ್ಷೇಮ ಎಂದು ಬರೆಯುತ್ತಾರೆ. ನಾನು ಕ್ಷೇಮಕ್ಕಿಂತ ಒಂದು ಗೇಣು ಮೇಲಿದ್ದೇನೆ. ಕುಳಿತು ಓದು. ನಿಂತು ಓದುವ ಸುದ್ದಿಯಲ್ಲ ಇದು.

ಬರುವ ಸೋಮವಾರದಿಂದ ನಮ್ಮ ಖಾನಾವಳಿ ಬಂದ್.

ಹೆದರಬೇಡ. ಮುಳುಗಿ ಬಂದ್ ಮಾಡುವವರು ಬೇರೆ, ಮೇಲೇಳುವುದಕ್ಕೆ ಬಂದ್ ಮಾಡುವವರು ಬೇರೆ. ನಿನ್ನ ಕಾಕಾ ಎರಡನೆಯ ಪೈಕಿ. ಅಣ್ಣ ತೀರಿಕೊಂಡ ಮೇಲೆ ಏಳು ವರ್ಷದವಳಾಗಿ ಈ ಮನೆಗೆ ಬಂದವಳು ನೀನು. ಆ ಒಲೆಯ ಮುಂದೆ ಕುಳಿತೇ ಮುಲ್ಕಿ ಪರೀಕ್ಷೆಗೆ ಓದಿ ಶಾಲೆಯ ಅಕ್ಕೋರಾದೆ. ಆಗಿನ ಖಾನಾವಳಿ ನೆನಪಿದೆಯಲ್ಲ? ನವಾಬರ ಕಚೇರಿಯ ಕಾರಕೂನರು ಎರಡು ಸಾಲಾಗಿ ಕುಳಿತರೆಂದರೆ ಮೂವತ್ತು ಗಂಗಾಳ. ಬಿಸಿ ರೊಟ್ಟಿ ಒಲೆಯಿಂದ ಹಾರಿ ಬಂದು ಗಂಗಾಳಕ್ಕೆ ಬೀಳುತ್ತಿತ್ತು. ಈಗ ನವಾಬರ ಕಚೇರಿಯೂ ಇಲ್ಲ, ಕಾರಕೂನರೂ ಇಲ್ಲ. ಧಾರವಾಡಕ್ಕೆ ಹೋದವರು ಹೋದರು, ಹಾವೇರಿಗೆ ಹೋದವರು ಹೋದರು. ಉಳಿದದ್ದು ಏಳು ಗಂಗಾಳ. ಅದರಲ್ಲಿ ಒಂದು ನನ್ನದು.

ಇನ್ನು ಯಲವಿಗಿ ಸ್ಟೇಶನ್ನಿನಿಂದ ಬರುವ ಮೋಟಾರು ನಮ್ಮ ಬಾಗಿಲ ಮುಂದೆಯೇ ಹತ್ತು ಮಿನಿಟು ನಿಲ್ಲುತ್ತದೆ. ಇಳಿದವರು ಇಣುಕಿ ಕೇಳುತ್ತಾರೆ: “ಚಹಾ ಐತೇನ್ರಿ?”

“ಇಲ್ರಿ. ರೊಟ್ಟಿ ಐತಿ, ಝುಣಕ ಐತಿ. ಬರ್ರಿ, ಕುಂದರ್ರಿ.”

“ಕುಂತ್ರ ಮೋಟಾರ ಬಿಟ್ಟ ಹೋಗತೈತ್ರಿ.”

ದಿನಕ್ಕೆ ನಾಲ್ಕು ಮೋಟಾರು, ನಾಲ್ಕು ಸಲ ಇದೇ ಮಾತು. ನಾಲ್ಕು ಇಯತ್ತೆ ಕಲಿತ ನನಗೆ ಕಾಲ ಏನು ಹೇಳುತ್ತಿದೆ ಎಂದು ತಿಳಿಯದೇ? ಹಾನಗಲ್ಲಿನಿಂದ ಶಿಗ್ಗಾಂವಿಯವರೆಗೆ ಹೋಟೆಲುಗಳನ್ನೆಲ್ಲ ನೋಡಿಕೊಂಡು ಬಂದೆ. ನೋಡಿಕೊಂಡು ಬಂದೆ ಅಂದರೆ ತಿಂದುಕೊಂಡು ಬಂದೆ. ಶಿಗ್ಗಾಂವಿಯಲ್ಲಿ ಟೇಬಲ್ಲಿಗೆ ಕಾಲು ಹೇಗೆ ಕೂಡಿಸಿದ್ದಾರೆಂದು ಬಗ್ಗಿ ನೋಡುತ್ತಿದ್ದೆ. ಮಾಲಕ ನನ್ನನ್ನು ಸರಕಾರಿ ಇನ್‌ಸ್ಪೆಕ್ಟರ್ ಎಂದು ತಿಳಿದು ಎರಡು ವಡೆ ಹೆಚ್ಚಿಗೆ ಹಾಕಿಸಿದ. ಬೇಡ ಅನ್ನಲಿಲ್ಲ. ಸರಕಾರದ ಮರ್ಯಾದೆ ಉಳಿಸಿದೆ.

ಇನ್ನು ನಮ್ಮದು ‘ನವಭಾರತ ಉಡುಪಿ ಫಲಾಹಾರ ಮಂದಿರ’. ಇಡ್ಲಿ, ವಡೆ, ಚಹಾ, ಕಾಫಿ. ಕುರ್ಚಿಯ ಮೇಲೆ ಕುಳಿತು ತಿನ್ನುವುದು. ಅಡುಗೆಗೆ ಉಡುಪಿ ಕಡೆಯ ಭಟ್ಟರೊಬ್ಬರನ್ನು ಗೊತ್ತು ಮಾಡಲು ನಾಳೆ ಹುಬ್ಬಳ್ಳಿಗೆ ಹೊರಟಿದ್ದೇನೆ.

ನಿನ್ನ ಚಿಗವ್ವ ಹೊಳೆವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆ ರೊಟ್ಟಿ ಮುಗಿಸಿ, ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, “ಆತು” ಅಂದಳು. ಅಂದರೆ ಒಪ್ಪಿದಳು.

ಮೇಲೇಳುತ್ತಿರುವ ನಿನ್ನ ಕಾಕಾ,
ಲಕ್ಕಪ್ಪ


ಅಬಲೂರು
ತಾ. 11–3–1958

ಪೂಜ್ಯ ಕಾಕಾನವರಿಗೆ ಶಂಕ್ರವ್ವಳ ನಮಸ್ಕಾರಗಳು.

ನೀವು ಹೇಳಿದಂತೆ ಕುಳಿತೇ ಓದಿದೆ. ಶಾಲೆಯಲ್ಲಿ ಪರೀಕ್ಷೆಯ ದಿನಗಳು, ಹೆಚ್ಚು ಬರೆಯಲು ಆಗುವುದಿಲ್ಲ. ನಿಮ್ಮ ಹೋಟೆಲು ನಡೆಯಲಿ, ನಡೆಯುತ್ತದೆ. ನೀವು ಕಲ್ಲನ್ನೂ ಮಾತನಾಡಿಸಿ ಎರಡು ವಡೆ ತಿನ್ನಿಸುವವರು.

ಒಂದೇ ಕೇಳುವುದಿದೆ. ಉಡುಪಿ ಹೋಟೆಲಿನಲ್ಲಿ ರೊಟ್ಟಿ ಇರುವುದಿಲ್ಲ. ಚಿಗವ್ವ ಏನು ಮಾಡುತ್ತಾಳೆ?

ನಿಮ್ಮ ಮಗಳು,
ಶಂಕ್ರವ್ವ


ಸವಣೂರು
ತಾ. 2–4–1958

ಚಿ. ಶಂಕ್ರವ್ವಳಿಗೆ ಆಶೀರ್ವಾದ.

ನಿನ್ನ ಪ್ರಶ್ನೆಗೆ ಉತ್ತರ ಕೊನೆಗೆ ಬರುತ್ತದೆ. ಮೊದಲು ನಾನು ಸತ್ತ ಸುದ್ದಿ ಓದು.

ಗೌಂಡಿ ಬಂದು ಹಳೆಯ ಒಲೆ ಒಡೆದ. ನೆಲದ ಒಲೆ ಇನ್ನು ನಡೆಯುವುದಿಲ್ಲ, ಭಟ್ಟರು ನಿಂತು ಅಡುಗೆ ಮಾಡುವವರು, ಅದಕ್ಕೆ ಸೊಂಟದೆತ್ತರದ ಕಟ್ಟೆಯ ಮೇಲೆ ಒಲೆ ಬೇಕು. ಅದು ಕಟ್ಟಿ ಒಣಗುವ ತನಕ ನಾನೂ ನಿನ್ನ ಚಿಗವ್ವನೂ ಮಂಡಕ್ಕಿ ತಿಂದುಕೊಂಡಿದ್ದೆವು. ಮೂರು ದಿನ ಮನೆಯ ಮೇಲೆ ಹೊಗೆ ಏಳಲಿಲ್ಲ, ಮುಂಬಾಗಿಲು ಹಾಕಿತ್ತು. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದೆ ಹೊಗೆ ಕಂಡ ಓಣಿ ಏನು ತಿಳಿಯಬೇಕು? ಒಲೆ ಹಚ್ಚಿಲ್ಲ ಅಂದರೆ ಸೂತಕ. ಸೂತಕ ಅಂದರೆ ಬುತ್ತಿ ಒಯ್ಯಬೇಕು.

ನಾಲ್ಕನೆಯ ದಿನ ಮುಂಜಾನೆ ಎದುರು ಮನೆಯ ತಿಪ್ಪವ್ವ ತಲೆಯ ಮೇಲೆ ಬುತ್ತಿ ಹೊತ್ತುಕೊಂಡು, ಕಣ್ಣೊರೆಸುತ್ತ ಬಂದಳು. ನಿನ್ನ ಚಿಗವ್ವ ಬಾಗಿಲು ತೆಗೆದಳು. “ಎಷ್ಟೊತ್ತಿಗೆ ಹೋದ ತಂಗೀ? ಬಾಯಾಗ ನೀರರ ಹಾಕಿದ್ಯೋ ಇಲ್ಲೋ?” ಎಂದು ತಿಪ್ಪವ್ವ ಅವಳನ್ನು ಅಪ್ಪಿಕೊಂಡು ಅಳುವುದಕ್ಕೆ ಹತ್ತಿದಳು. ನಾನು ಒಳಗೆ ಗೋಡೆಗೆ ಸುಣ್ಣ ಹಚ್ಚುತ್ತಿದ್ದೆ. ತಲೆಯಿಂದ ಕಾಲಿನವರೆಗೆ ಬೆಳ್ಳಗೆ. ಯಾರು ಹೋದರು ಎಂದು ನೋಡಲು ಹೊರಗೆ ಬಂದೆ.

“ಅಯ್ಯಯ್ಯ, ಎದ್ದಾನಲೇ!” ಎಂದು ತಿಪ್ಪವ್ವ ಓಡಿದ ಓಟ ನೋಡಬೇಕಿತ್ತು ನೀನು. ಎಪ್ಪತ್ತರ ಮುದುಕಿ. ಬುತ್ತಿ ಮಾತ್ರ ಕೆಳಗೆ ಬೀಳಿಸಲಿಲ್ಲ.

ಮಧ್ಯಾಹ್ನದೊಳಗೆ ಏಳು ಬುತ್ತಿ ಬಂದವು. ಪಕ್ಕದ ಬಂದೇಸಾಬ ತನ್ನ ಅಂಗಡಿಯ ಕರಿದ ಖಾರಾ ಕಟ್ಟಿಕೊಂಡು ಬಂದ. “ಲಕ್ಕಪ್ಪಣ್ಣಾ, ನೀ ಹೋದಿ ಅಂತ ಕೇಳಿ ಅಂಗಡಿ ಬಾಗಲಾ ಹಾಕಿ ಬಂದೆ. ಈ ನುಕ್ಸಾನ ಯಾರು ತುಂಬಬೇಕು?” ಅಂದ.

“ಸಾಯೂದು ಮುಂದಕ್ಕ ಹಾಕೇನಿ. ಖಾರಾ ಇಟ್ಟ ಹೋಗು” ಅಂದೆ.

ಸತ್ತರೆ ನನಗೆ ಏಳು ಬುತ್ತಿ ಬರುತ್ತವೆ ಎಂದು ಬದುಕಿದ್ದಾಗಲೇ ನೋಡಿಕೊಂಡೆ. ಈ ತಾಲೂಕಿನಲ್ಲಿ ಇನ್ನಾರಿಗೆ ಆ ಭಾಗ್ಯ ಇದೆ, ಹೇಳು.

ಎಲ್ಲರೂ ನಕ್ಕು ಹೋದ ಮೇಲೆ ಹೊಳೆವ್ವ ಕುಳಿತು ಏಳೂ ಬುತ್ತಿಯಿಂದ ಒಂದೊಂದು ತುತ್ತು ಉಂಡಳು. ಬೇರೆಯವರ ಕೈ ಅಡುಗೆಯನ್ನು ಅವಳು ಉಂಡದ್ದು ನಾನು ನೋಡಿರಲಿಲ್ಲ. “ಯಾಕ, ಯಾರೂ ಸತ್ತಿಲ್ಲಲ್ಲ” ಅಂದೆ, ನಗಿಸುವುದಕ್ಕೆ. “ಒಲಿ ಒಡದಾರಲ್ಲ. ಬುತ್ತಿ ಬಂದದ್ದು ತಪ್ಪಲ್ಲ” ಅಂದಳು.

ಈಗ ನಿನ್ನ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಸುಬ್ರಾಯ ಭಟ್ಟರೆಂಬವರು ಸಿಕ್ಕರು. ಮೆತ್ತಗಿನ ಮನುಷ್ಯ, ನನಗಿಂತ ಸಣ್ಣವರು. ಒಂದೇ ಒಂದು ಕರಾರು ಕೇಳಿದರು. ಅಡುಗೆಮನೆಯೊಳಗೆ ತನ್ನ ಜಾತಿಯವರಲ್ಲದೆ ಇನ್ನೊಬ್ಬರು ಕಾಲಿಡಬಾರದು. ಮಠದ ಕಡೆಯ ಮಂದಿ, ದೊಡ್ಡ ಸಾಹೇಬರು ಬರಬೇಕಾದರೆ ಆ ಖಾತ್ರಿ ಬೇಕಂತೆ. “ನಾನೂ ಬರಬಾರದೇನ್ರಿ?” ಅಂದೆ. “ನೀವೂ ಬರ್ಬಾರ್ದು” ಅಂದರು. ನನ್ನ ಮನೆ, ನನಗೇ ಬಂದ್! ನಗು ಬಂತು. ನಾನೇನು ಒಲೆ ಊದುವವನೇ? “ಅದಕ್ಕೇನ್ರಿ” ಎಂದು ಕೈ ಮೇಲೆ ಕೈ ಹಾಕಿದೆ.

ಯಲವಿಗಿಯಲ್ಲಿ ಗಾಡಿ ಇಳಿದ ಮೇಲೆ ಹೊಳೆವ್ವನ ನೆನಪಾಯಿತು.

ಇರಲಿ. ಬಾಯಿ ಮಾತು ಅದು. ಎಂಟು ದಿನ ಹೋಗಲಿ, ಭಟ್ಟರೇ “ಬಾರವ್ವ, ಒಂದು ಕೈ ಹಚ್ಚು” ಅನ್ನುತ್ತಾರೆ. ಮಾತಾಡುವವನು ನಾನಿದ್ದೇನೆ. ನಿನ್ನ ಚಿಗವ್ವನಿಗೆ ಇನ್ನೂ ಹೇಳಿಲ್ಲ. ನೀನೂ ಬರೆಯಬೇಡ. ಬರೆದರೂ ಅವಳಿಗೆ ಓದಿ ಹೇಳುವವನು ನಾನೇ.

ಸತ್ತು ಎದ್ದ ನಿನ್ನ ಕಾಕಾ,
ಲಕ್ಕಪ್ಪ


ಸವಣೂರು
ತಾ. 24–4–1958

ಚಿ. ಶಂಕ್ರವ್ವಳಿಗೆ ಆಶೀರ್ವಾದ.

ಬಸವ ಜಯಂತಿಯ ದಿನ ಮುಂಜಾನೆ ಹೋಟೆಲು ತೆರೆಯಿತು. ಬೋರ್ಡಿನ ಮೇಲೆ ಕೆಂಪು ಅಕ್ಷರ: ‘ಉಡುಪಿ ಬ್ರಾಹ್ಮಣರ ಶುದ್ಧ ಫಲಾಹಾರ’. ಪೇಂಟರನಿಗೆ ‘ಶುದ್ಧ’ ಎಂಬುದನ್ನು ದಪ್ಪ ಬರೆ ಎಂದು ನಾನೇ ಹೇಳಿದೆ.

ಕನ್ನಡಿ ನೋಡಬೇಕು ನೀನು. ಗೋಡೆಯ ಅಗಲಕ್ಕೆ ಒಂದು, ಹುಬ್ಬಳ್ಳಿಯಿಂದ ಗೋಣಿಯಲ್ಲಿ ಸುತ್ತಿ ಮಗುವನ್ನು ತಂದಂತೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಇಡ್ಲಿ ತಿನ್ನುವವನು ತಾನು ತಿನ್ನುವುದನ್ನು ತಾನೇ ನೋಡುತ್ತಾನೆ, ಇನ್ನೊಂದು ತಿನ್ನುತ್ತಾನೆ. ಎರಡು ಕುರ್ಚಿ ಇದ್ದರೆ ನಾಲ್ಕು ಕಾಣುತ್ತವೆ. ಗಿರಾಕಿ ಒಬ್ಬನಿದ್ದರೂ ಹೋಟೆಲು ತುಂಬಿದ ಹಾಗೆ.

ಆದರೆ ಒಬ್ಬನಲ್ಲ, ತುಂಬಿಯೇ ಹೋಯಿತು. ವಕೀಲರು ಬಂದರು. ಮಠದ ಬೀದಿಯ ಆಚಾರ್ಯರೊಬ್ಬರು ಬಾಗಿಲಲ್ಲಿ ನಿಂತು, “ಒಳಗ ಯಾರು?” ಎಂದು ಕೇಳಿ, ಖಾತ್ರಿ ಮಾಡಿಕೊಂಡು ಕಾಫಿ ಕುಡಿದು ಹೋದರು. ಮೋಟಾರಿನವರು ಚಹಾ ಕುಡಿದು ಮೋಟಾರೂ ಹಿಡಿದರು. ನಮ್ಮ ಹಳೆಯ ಆರು ಗಂಗಾಳದವರೂ ಬಂದು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕುಳಿತಿದ್ದರು, ರೊಟ್ಟಿಯ ಸಾಲಿನಲ್ಲಿ ಕುಳಿತ ಹಾಗೆ. “ಕಾಲ ಇಳಬಿಡ್ರೆಲೇ, ಇದು ಉಡುಪಿ ಹೋಟೆಲ್ಲು” ಎಂದು ಬೈದೆ.

ಎಲ್ಲರೂ ಆರಾಮ.

ದುಡ್ಡಿನ ಗಲ್ಲೆಯ ಮೇಲೆ ಕುಳಿತ ನಿನ್ನ ಕಾಕಾ,
ಲಕ್ಕಪ್ಪ


ಅಬಲೂರು
ತಾ. 30–5–1958

ಪ್ರೀತಿಯ ಶಾಕೀರಾ,

ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ನಾವು, ಅದಕ್ಕೆ ಕೇಳುತ್ತಿದ್ದೇನೆ. ಕಾಕಾನ ಪತ್ರದಲ್ಲಿ ಕನ್ನಡಿಗೆ ಆರು ಸಾಲು ಇದೆ, ಚಿಗವ್ವನಿಗೆ ಒಂದೂ ಇಲ್ಲ. ನಾನು ಬರೆದರೆ ಓದಿ ಹೇಳುವವರು ಅವರೇ. ಓದುವಾಗ ತಮಗೆ ಬೇಕಾದದ್ದನ್ನು ಸೇರಿಸುತ್ತಾರೆ, ಬೇಡವಾದದ್ದನ್ನು ನುಂಗುತ್ತಾರೆ.

ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಲ್ಲಿ ಚಿಗವ್ವನನ್ನು ಕೂರಿಸಿಕೊಂಡು ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸು. ತಿದ್ದಬೇಡ. ನಿನ್ನ ಅಬ್ಬಾ ಬಂದೇಸಾಬ ಚಾಚಾನವರಿಗೆ ಸಲಾಮು.

ನಿನ್ನ,
ಶಂಕ್ರವ್ವ


ಸವಣೂರು
ತಾ. 9–6–1958

ಶಂಕ್ರೀ, ನಾ ಹೊಳೆವ್ವ. ಶಾಕೀರಾ ಬರ್ಯಾಕತ್ತಾಳ. ನಾ ಆರಾಮ ಅದೇನಿ. ನೀ ಹ್ಯಾಂಗದಿ? ಮೈ ಕಡೆ ಲಕ್ಷ್ಯ ಇರಲಿ.

ಹೋಟೆಲ್ ತೆಗದ ದಿನ ನಾ ಎಂದಿನ್ಹಂಗ ಎದ್ದೆ. ಜಳಕಾ ಮಾಡಿದೆ. ಹೊಸಾ ಒಲಿ, ಮೊದಲನೇ ಸಲ ನಾ ಹಚ್ಚಬೇಕಂತ ಕುಂಕುಮಾ ತಗೊಂಡು ಹ್ವಾದೆ. ಭಟ್ಟ ಬಾಗಲದಾಗ ಕೈ ಅಡ್ಡ ಹಿಡದು ನಿಂತಿದ್ದ. “ಬೇಡಿ ಅಮ್ಮ, ಒಳಗೆ ಬರ್ಬೇಡಿ” ಅಂದ. ನಾ ಅನಕೊಂಡೆ, ಹಾವೋ ಚೇಳೋ ಏನರ ಬಂದೈತಿ ಒಳಗ. ನಿಮ್ಮ ಕಾಕಾ ಕನ್ನಡಿ ಒರಸಾಕತ್ತಿದ್ದ. ಕನ್ನಡಿಯೊಳಗ ನನ್ನ ನೋಡಿದ. ಹೊಳ್ಳಿ ನೋಡಲಿಲ್ಲ. ಆವಾಗ ನನಗ ತಿಳೀತು.

ಆತು, ಇರಲಿ ಅಂತ ಹಿತ್ತಲದಾಗ ಮೂರ ಕಲ್ಲ ಇಟಗೊಂಡು ನಮ್ಮಿಬ್ಬರದು ನಾಕ ರೊಟ್ಟಿ ಬಡದೆ. ಹೊಗಿ ಮುಂದಿನ ಪಡಸಾಲಿಗೆ ಹ್ವಾತು. ಅಲ್ಲಿ ಯಾರೋ ಸಾಹೇಬರು ಕುಂತಿದ್ರು, ಕೆಮ್ಮಿದ್ರು. ನಿಮ್ಮ ಕಾಕಾ ಓಡಿ ಬಂದು ಕೊಡ ನೀರ ಸುರವಿದ ಬೆಂಕಿಗೆ. ಆಮ್ಯಾಲ ಅಲ್ಲೇ ಕುಕ್ಕರಗಾಲಿಲೆ ಕುಂತು, “ಬಪ್ಪರೆ, ಏನ ಹೊಗಿ ಎಬ್ಬಿಸಿದ್ಯಾ, ರೈಲ ಬಂತಂತ ಯಲವಿಗಿಗೆ ಹೊಂಟಿದ್ರು ಮಂದಿ” ಅಂತ ನಗಿಸಿದ.

ಈಗ ಬಸಿ-ಕಪ್ಪು ತೊಳೀತೇನಿ. ಅಂವಾ ಇದಕ್ಕ ಹಚ್ಚ್ಯಾನ ಅಂತ ಅಲ್ಲ, ಹಚ್ಚಿಲ್ಲ ಅಂತೂ ಅಲ್ಲ. “ಸುಮ್ಮ ಕುಂತ್ರ ಬ್ಯಾಸರ ಆಗತೈತಲ್ಲ” ಅಂದ. ಎಂಜಲಾ ತೊಳ್ಯಾಕ ನನಗ ನಾಚಿಕಿ ಇಲ್ಲ ಶಂಕ್ರಿ, ಇಪ್ಪತ್ತೆರಡ ವರ್ಷ ಗಂಗಾಳ ತೊಳದೇನಿ. ಗಂಗಾಳ ನೋಡಿದ್ರ ತಿಳೀತಿತ್ತು, ಇವಗ ಹೊಟ್ಟಿ ತುಂಬೇತಿ, ಇವಗ ತುಂಬಿಲ್ಲ, ಇಂವ ಮನಿ ನೆನಸಿ ಬಿಟ್ಟಾನ. ನಾಳಿಗೆ ಅವಗ ಒಂದ ರೊಟ್ಟಿ ಮುಂದ ಹಾಕತಿದ್ದೆ. ಕಪ್ಪ ನೋಡಿದ್ರ ಏನೂ ತಿಳ್ಯಾಂಗಿಲ್ಲ. ಎಲ್ಲಾ ಕಪ್ಪೂ ಒಂದ ನಮೂನಿ.

ಭಟ್ಟಗ ಬೈಬ್ಯಾಡ. ಮನಿ ಮಠ ಬಿಟ್ಟ ಬಂದಾನ, ತನ್ನ ಅನ್ನ ತಾನ ಮಾಡಿ ಒಬ್ಬನ ಗ್ವಾಡಿ ಕಡೆ ಮಾರಿ ಮಾಡಿ ಉಣತಾನ. ನಿಮ್ಮ ಕಾಕಾಗೂ ಬೈಬ್ಯಾಡ. ಬೈದ್ರ ಅಂವ ನಗಸ್ತಾನ. ನನಗ ನಗಿ ಬರತೈತಿ. ಅದೊಂದ ಆಗವಲ್ದು ನೋಡು ನನಗ.

ಹತ್ತ ದಿನ ನಿನ್ನಲ್ಲೆ ಬರ್ತೇನಿ. ನಿನ್ನ ಮನ್ಯಾಗ ಒಲಿ ಐತೇನು?

ಹೊಳೆವ್ವ ಹೇಳಿದ್ದು

ಶಂಕ್ರವ್ವ, ನಾನು ಒಂದು ಮಾತು ಸೇರಿಸುತ್ತೇನೆ. ಇದೆಲ್ಲ ಹೇಳುವಾಗ ಚಿಗವ್ವನ ಬಲಗೈ ಬರೀ ನೆಲವನ್ನು ತಟ್ಟುತ್ತಲೇ ಇತ್ತು. ಅವರಿಗೆ ಗೊತ್ತಿರಲಿಲ್ಲ. — ಶಾಕೀರಾ


ಸವಣೂರು
ತಾ. 10–7–1958

ಚಿ. ಶಂಕ್ರವ್ವಳಿಗೆ ಆಶೀರ್ವಾದ.

ಹೊಳೆವ್ವ ಆಗಲೇ ಬಂದು ಮುಟ್ಟಿರಬೇಕು, ನಿನ್ನಿಂದ ಒಂದು ಸಾಲೂ ಇಲ್ಲ. ಹಿರೇಕೆರೂರಿನಲ್ಲಿ ಮೋಟಾರು ಬದಲಿಸಿ ಕೊಡೆಂದು ಕಂಡಕ್ಟರನಿಗೆ ಹೇಳಿ ಕಳಿಸಿದ್ದೆ. ಗಂಟಿನಲ್ಲಿ ರೊಟ್ಟಿ ಹೆಂಚು ಇಟ್ಟುಕೊಂಡಿದ್ದಾಳೆ, ನೋಡಿರಬೇಕು. “ಹತ್ತ ದಿನಕ್ಕ ಹೆಂಚ ಯಾಕ?” ಅಂದೆ. ಗಂಟು ಬಿಗಿದು ಮೋಟಾರು ಹತ್ತಿದಳು. ಈಗ ತಿಂಗಳಾಗುತ್ತ ಬಂತು.

ನೀನು ಶಾಕೀರಾಳ ಕೈಯಿಂದ ಬರೆಸಿಕೊಂಡದ್ದು ಗೊತ್ತಾಗಿದೆ. ಬಂದೇಸಾಬ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವವನಲ್ಲ. ಬೈಯುವುದಿದ್ದರೆ ಬೈದುಬಿಡು, ಹೀಗೆ ಸುಮ್ಮನಿರಬೇಡ.

ನಾನು ಸುಮ್ಮನೆ ಕುಳಿತಿಲ್ಲ. ಭಟ್ಟರಿಗೆ ಮೂರು ಸಲ ಹೇಳಿದೆ. ಮೊದಲ ಸಲ ನಗುತ್ತ ಹೇಳಿದೆ, ಎರಡನೆಯ ಸಲ ದನಿ ಏರಿಸಿ ಹೇಳಿದೆ. ಮೂರನೆಯ ಸಲ, ಯಾರಿಗೂ ಹೇಳಬೇಡ, ಕೈ ಮುಗಿದೆ.

ಅವರು ಹಿಟ್ಟು ರುಬ್ಬುತ್ತಿದ್ದರು. ಕೈ ಒರೆಸಿಕೊಂಡು ಹೊಸ್ತಿಲ ಒಳಗೆ ಕುಳಿತರು, ನಾನು ಹೊರಗೆ ಕುಳಿತೆ. “ಎಂತ ಮಾಡುದು ಲಕ್ಕಪ್ಪಣ್ಣ? ಊರಲ್ಲಿ ತಂಗಿ ಇದ್ದಾಳೆ. ಮದುವೆ ಆಗ್ಬೇಕು. ಇವ ಅಲ್ಲಿ ಯಾರ್ಯಾರ ಸಂಗಡ ಒಲೆ ಹಂಚಿಕೊಂಡಿದ್ದಾನೆ ಅಂತ ಒಂದು ಮಾತು ಹೋದ್ರೆ ಮುಗೀತು. ನಿಮ್ಮ ಹೆಂಗಸರು ನನ್ನ ಅಮ್ಮನ ಹಾಗೆ ಇದ್ದಾರೆ. ನಾನೆಂತ ಹೇಳ್ಲಿ?” ಅಂದರು. ಕಣ್ಣಲ್ಲಿ ನೀರು ಬಂತು ಅವರಿಗೆ. ಅಳುವ ಮನುಷ್ಯನ ಮುಂದೆ ಏನು ವಾದ ಮಾಡುತ್ತೀ?

ಹಾಗಾದರೆ ಭಟ್ಟರನ್ನೇ ಬಿಡಬೇಕು. ಬಿಟ್ಟರೆ ಬೋರ್ಡು ಇಳಿಸಬೇಕು. ಬೋರ್ಡು ಇಳಿದರೆ ಇಲ್ಲಿಗೆ ಕಾಲಿಡುವವರು ಯಾರು? ಮಂದಿ ಇಡ್ಲಿಯ ರುಚಿ ಕೇಳುವುದಿಲ್ಲ, “ಭಟ್ಟರ ಕೈಯಾಂದ ಏನ್ರಿ?” ಎಂದು ಕೇಳುತ್ತಾರೆ. ಹೌದು ಅನ್ನುವವನು ನಾನು. ದಿನಕ್ಕೆ ಎಷ್ಟು ಸಲ ಅನ್ನುತ್ತೇನೋ.

ಅವಳಿಗೆ ಹೇಳು, ಹಿತ್ತಲ ತೊಂಡೆ ಬಳ್ಳಿ ಒಣಗಿದೆ. ನೀರು ಹಾಕಿಯೇ ಹಾಕಿದ್ದೇನೆ, ಆದರೂ ಒಣಗಿದೆ.

ನಿನ್ನ ಕಾಕಾ,
ಲಕ್ಕಪ್ಪ


ಅಬಲೂರು
ತಾ. 15–9–1958

ಕಾಕಾನವರಿಗೆ ನಮಸ್ಕಾರಗಳು.

ಬೈಯಬೇಕೆಂದು ಎರಡು ಸಲ ಕುಳಿತೆ. ಎರಡು ಸಲವೂ ಚಿಗವ್ವ “ಯಾರಿಗೆ ಬರ್ಯಾಕತ್ತಿ?” ಎಂದು ಕೇಳಿದಳು. ಹರಿದು ಹಾಕಿದೆ.

ಇಲ್ಲಿ ಒಲೆ ಇದೆ. ನನ್ನ ಒಂದು ಕೋಣೆಯ ಮನೆಯ ಮೂಲೆಯಲ್ಲಿ, ನೆಲದ ಮೇಲೆ. ಬಂದ ದಿನವೇ ಹೆಂಚು ಇಟ್ಟಳು. ನಾವಿಬ್ಬರೇ ಇರುವುದು. ಅವಳ ಕೈಗೆ ಇಬ್ಬರ ಲೆಕ್ಕ ಬರುವುದಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಬುಟ್ಟಿಯ ತುಂಬ ರೊಟ್ಟಿ. ಮೊದಲು ಹೆಡ್‌ಮಾಸ್ತರರ ಮನೆಗೆ ಕೊಟ್ಟೆ, ಆಮೇಲೆ ಓಣಿಗೆಲ್ಲ ಕೊಟ್ಟೆ. ಸಂತೋಷದಿಂದ ತೆಗೆದುಕೊಂಡರು. ಎರಡನೆಯ ವಾರ ಪಕ್ಕದ ಮುದಕವ್ವ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: “ಯಾಕ್ರೀ ಅಕ್ಕೋರ, ನಮ್ಮ ಮನ್ಯಾಗ ಒಲಿ ಆರೇತಿ ಅಂತ ಯಾರರ ಹೇಳ್ಯಾರೇನು?”

ತಪ್ಪು ಅವಳದಲ್ಲ. ಇಲ್ಲಿ ಪ್ರತಿ ಮನೆಯಲ್ಲೂ ಒಲೆ ಇದೆ, ಪ್ರತಿ ಒಲೆಯ ಮುಂದೂ ಒಬ್ಬಳು ಇದ್ದಾಳೆ. ಊರು ಬಿಟ್ಟು ಬಂದು ಹಸಿದವರು ಯಾರೂ ಇಲ್ಲ. ಚಿಗವ್ವನಿಗೆ ಬೇಕಾದದ್ದು ಹಸಿದವರು.

ಈಗ ಎಣಿಸಿ ಆರು ಬಡಿಯುತ್ತಾಳೆ. ಆರನೆಯದು ಆದ ಮೇಲೆ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂರುತ್ತಾಳೆ. ನಾನು ಪುಸ್ತಕ ನೋಡುತ್ತೇನೆ.

ನೀವು ಏನಾದರೂ ಮಾಡಿ. ಏನು ಮಾಡಬೇಕೆಂದು ನನಗೂ ಹೊಳೆಯುವುದಿಲ್ಲ.

ನಿಮ್ಮ ಮಗಳು,
ಶಂಕ್ರವ್ವ


ಸವಣೂರು
ತಾ. 20–11–1958
(ಕಾರ್ಡು)

ಶಂಕ್ರೀ, ಈ ಕಾರ್ಡು ಮುಟ್ಟಿದ ದಿನವೇ ಹೊಳೆವ್ವನನ್ನು ಮೋಟಾರು ಹತ್ತಿಸು. ಭಟ್ಟರ ತಂಗಿಯ ಮದುವೆ ನಿಕ್ಕಿಯಾಗಿದೆ, ಹದಿನೈದು ದಿನಕ್ಕೆಂದು ಊರಿಗೆ ಹೋದರು. ಅಡುಗೆಮನೆ ಖಾಲಿ! ಬೋರ್ಡಿನ ಮೇಲೆ ಗೋಣಿತಟ್ಟು ಹೊದಿಸಿದ್ದೇನೆ. ಜೋಳ ಬೀಸಿಸಿ ಇಟ್ಟಿದ್ದೇನೆ. ಹಳೆಯ ಗಿರಾಕಿಗಳಿಗೆಲ್ಲ ಡಂಗುರ ಹೊಡೆಯುವುದೊಂದು ಬಾಕಿ. ಹೆಂಚು ಮರೆಯಬೇಡ ಎಂದು ಹೇಳು. ಕಾರ್ಡಿನಲ್ಲಿ ಜಾಗ ಸಾಲದು. — ಲಕ್ಕಪ್ಪ


ಸವಣೂರು
ತಾ. 12–12–1958

ಮಗಳೆ ಶಂಕ್ರವ್ವ,

ನೀನು ಕೇಳುವುದಕ್ಕಿಂತ ಮೊದಲೇ ಎಲ್ಲ ಬರೆಯುತ್ತೇನೆ. ಶಾಕೀರಾಳಿಗೆ ತೊಂದರೆ ಕೊಡಬೇಡ.

ಹೊಳೆವ್ವ ಬಂದವಳು ಪಡಸಾಲೆಯಲ್ಲಿ ಗಂಟು ಇಟ್ಟು ನೇರ ಅಡುಗೆಮನೆಯ ಬಾಗಿಲಿಗೆ ಹೋದಳು. ಅಲ್ಲಿ ನಿಂತುಬಿಟ್ಟಳು. “ಹೋಗು, ಯಾರೂ ಇಲ್ಲ” ಅಂದೆ. ಒಳಗೆ ಹೋದಳು. ಕಟ್ಟೆಯ ಮೇಲಿನ ಒಲೆ ನೋಡಿ, “ಇದರ ಮುಂದ ನಿಂತ ರೊಟ್ಟಿ ಬಡ್ಯಾಕ ನಾ ಏನ ಪೋಲೀಸ?” ಅಂದಳು. ಸೆರಗು ಸಿಗಿಸಿ ಆ ಕಟ್ಟೆಯ ಮೇಲೇ ಹತ್ತಿ, ಒಲೆಯ ಪಕ್ಕದಲ್ಲಿ ಕಾಲು ಮಡಚಿ ಕುಳಿತಳು. ಅಷ್ಟೆತ್ತರದಲ್ಲಿ ಕುಳಿತು ಬಡಿಯುವುದಕ್ಕೆ ಹತ್ತಿದರೆ ಸಪ್ಪಳ ಮೋಟಾರು ನಿಲ್ಲುವಲ್ಲಿಗೆ ಕೇಳುತ್ತಿತ್ತು. ಅರವತ್ತು ಹತ್ತಿರ ಬಂದ ಹೆಂಗಸು, ಗುಡ್ಡದ ಮೇಲಿನ ದೇವಿಯ ಹಾಗೆ. ನಾನು ನಕ್ಕೆ, ಅವಳೂ ನಕ್ಕಳು.

ಮೊದಲ ದಿನ ಇಪ್ಪತ್ತಾರು ಮಂದಿ ಬಂದರು ಶಂಕ್ರಿ. ಕುರ್ಚಿಗಳನ್ನು ಗೋಡೆಗೆ ಒತ್ತಿ ನೆಲದ ಮೇಲೆ ಎರಡು ಸಾಲು ಕುಳಿತರು. ಕಂಪೌಂಡರ ಗುದ್ಲೆಪ್ಪ ಮೂರನೆಯ ರೊಟ್ಟಿಗೆ, “ಹೊಳೆವ್ವಕ್ಕಾ, ಇಷ್ಟ ದಿನಾ ನಾ ಗಾಳಿ ತಿಂದಿದ್ನೆ” ಅಂದ. ಒಳಗಿನಿಂದ, “ಅದಕ್ಕ ಉಬ್ಬೀಯಲ್ಲೋ” ಎಂದು ಕೇಳಿಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಆಗಲೇ ಮನಸ್ಸಿನಲ್ಲಿ ಭಟ್ಟರಿಗೆ ಪತ್ರ ಬರೆಯುವುದಕ್ಕೆ ಹತ್ತಿದ್ದೆ: ನೀವು ಬರುವ ಶ್ರಮ ತೆಗೆದುಕೊಳ್ಳಬೇಡಿರಿ.

ಎರಡನೆಯ ದಿನ ಹತ್ತೊಂಬತ್ತು. ಐದನೆಯ ದಿನ ಹನ್ನೊಂದು. ಮೋಟಾರಿನವರು ಇಣುಕಿದರು, ಚಹಾ ಕೇಳಿದರು, ಹೋದರು. ವಕೀಲರು ಗೋಣಿತಟ್ಟು ನೋಡಿ ಬಾಗಿಲಿನಿಂದಲೇ ತಿರುಗಿದರು. ಗುದ್ಲೆಪ್ಪನೂ ಎಂಟನೆಯ ದಿನ ಬರಲಿಲ್ಲ. ಕೇಳಿದರೆ, “ರೊಟ್ಟಿ ಉಂಡ್ರ ನಿದ್ದಿ ಬರತೈತ್ರಿ, ದವಾಖಾನ್ಯಾಗ ಕುಂದರಾಕ ಆಗೂದಿಲ್ಲ. ಇಡ್ಲಿ ಹಗರ” ಅಂದ. ಹತ್ತನೆಯ ದಿನ ಎಣಿಸಿದರೆ ಏಳು ಗಂಗಾಳ, ನನ್ನದೂ ಸೇರಿ. ಭಟ್ಟರ ಮೇಲೆ ಹಾಕೋಣವೆಂದರೆ ಭಟ್ಟರು ಊರಲ್ಲೇ ಇರಲಿಲ್ಲ. ಯಾರ ಮೇಲೂ ಹಾಕಲು ಬರುವ ಹಾಗಿರಲಿಲ್ಲ.

ಹೊಳೆವ್ವ ಗಂಗಾಳ ತೊಳೆಯುವಾಗ ಎಣಿಸಿರಬೇಕು. ಮರುದಿನ ಹಿಟ್ಟು ಕಡಿಮೆ ನಾದಿದಳು. ನಾನು ಆ ಪತ್ರ ಬರೆಯಲಿಲ್ಲ.

ಮೊನ್ನೆ ಮುಂಜಾನೆಯ ಮೋಟಾರಿಗೆ ಭಟ್ಟರು ಬಂದರು. ತಂಗಿಯ ಮದುವೆಯ ಲಾಡು ಕಟ್ಟಿಕೊಂಡು ಬಂದಿದ್ದರು. ಒಳಗೆ ಕಾಲಿಡಲಿಲ್ಲ. ಬೆಳ್ಳುಳ್ಳಿಯ ವಾಸನೆ ಪಡಸಾಲೆಯ ತುಂಬ ಇತ್ತು. ಕಟ್ಟೆಯ ಮೇಲೆ ಹೊಳೆವ್ವ ಕುಳಿತಿದ್ದಳು, ಕೈಯಲ್ಲಿ ಹಿಟ್ಟು. ಭಟ್ಟರು ನೆಲ ನೋಡಿದರು. ಕೋಪ ಮಾಡಿದ್ದರೆ ನನಗೂ ಜಗಳ ತೆಗೆಯಲು ಬರುತ್ತಿತ್ತು. ಮೆತ್ತಗೆ ಅಂದರು, “ಒಲೆ ಶುದ್ಧ ಆಗ್ಬೇಕಲ್ಲ ಲಕ್ಕಪ್ಪಣ್ಣ. ಸಗಣಿಯಲ್ಲಿ ಒಮ್ಮೆ ಸಾರಿಸ್ಲಿಕ್ಕೆ ಯಾರನ್ನಾದ್ರೂ ಹೇಳಿ. ಮೇಲೆ ನಾನು ನೀರು ಪ್ರೋಕ್ಷಿಸಿಕೊಳ್ತೇನೆ.”

ನಾನು ಹಿತ್ತಲಿಗೆ ಹೋಗಿ ಸಗಣಿಯ ಬುಟ್ಟಿ ತಂದೆ. ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತೆ.

ಹೊಳೆವ್ವ ಹೆಂಚಿನ ಮೇಲಿದ್ದ ರೊಟ್ಟಿ ಬೇಯುವ ತನಕ ಕಾದಳು. ತೆಗೆದು ಬುಟ್ಟಿಗೆ ಹಾಕಿದಳು. ಬೆಂಕಿ ಹೊರಗೆಳೆದು ಆರಿಸಿದಳು. ಕಟ್ಟೆಯಿಂದ ಇಳಿದು ಬಂದು ನನ್ನ ಕೈಯಿಂದ ಸಗಣಿ ತೆಗೆದುಕೊಂಡಳು.

“ನಾ ಮಾಡ್ತೇನಿ, ಬಿಡು” ಅಂದೆ.

“ನಿಮಗ ಸಾರಿಸಾಕ ಬರೂದಿಲ್ಲ. ಗೀರ ಬೀಳತಾವ. ಸರೀರಿ” ಅಂದಳು.

ಒಲೆಯ ಬೂದಿ ತೆಗೆದಳು. ಒಲೆಯ ಬಾಯಿ, ಕಟ್ಟೆ, ತಾನು ಕುಳಿತ ಜಾಗ, ಎಲ್ಲ ಸಾರಿಸಿದಳು. ಆಮೇಲೆ ನೆಲ. ನೀನು ನೋಡಿದ್ದೀಯಲ್ಲ, ಸಾರಿಸುವವರು ಒಳಗಿನ ಮೂಲೆಯಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬರುತ್ತಾರೆ. ಹಸಿಯ ಮೇಲೆ ತಮ್ಮ ಹೆಜ್ಜೆ ಬೀಳಬಾರದೆಂದು. ಹಾಗೆಯೇ ಕೈ ಬೀಸುತ್ತ, ಕುಕ್ಕರುಗಾಲಿನಲ್ಲಿ ಒಂದೊಂದು ಗೇಣು ಹಿಂದೆ ಸರಿಯುತ್ತ ಬಂದಳು. ಒಲೆ ದೂರವಾಯಿತು, ಕಟ್ಟೆ ದೂರವಾಯಿತು. ಬೆನ್ನು ನನ್ನ ಕಾಲಿಗೆ ತಾಗಿತು. ನಾನು ದಾರಿ ಬಿಟ್ಟೆ. ಹೊಸ್ತಿಲು ದಾಟಿ ಹೊರಗೆ ಬಂದಳು. ಕಡೆಯ ಒಂದು ಕೈ ಬೀಸಿದ್ದು ಹೊರಗಿನಿಂದ.

ಒಂದು ಗೀರು ಇರಲಿಲ್ಲ.

ಒಣಗುವ ತನಕ ಮೂವರೂ ಪಡಸಾಲೆಯಲ್ಲಿ ಕುಳಿತೆವು. ಭಟ್ಟರು ಲಾಡು ಬಿಚ್ಚಿ ಇಟ್ಟರು. ಯಾರೂ ಮುಟ್ಟಲಿಲ್ಲ. “ಹುಡುಗ ಛಲೋ ಅದಾನೇನು?” ಎಂದು ಹೊಳೆವ್ವ ಕೇಳಿದಳು. “ಒಳ್ಳೆಯವ ಅಮ್ಮ” ಅಂದರು. ನಾನು ಏನಾದರೂ ಹೇಳಬೇಕಿತ್ತು. ಊರೆಲ್ಲ ಹಾಗೆಯೇ ತಿಳಿದಿದೆ, ಲಕ್ಕಪ್ಪ ಏನಾದರೂ ಹೇಳುತ್ತಾನೆ ಎಂದು. ಒಂದು ಮಾತೂ ಬರಲಿಲ್ಲ ಮಗಳೆ.

ಹೊರಗೆ ಹನ್ನೊಂದರ ಮೋಟಾರು ಬಂದು ನಿಂತಿತು. ಯಾರೋ ಇಣುಕಿ ಚಹಾ ಐತೇನ್ರಿ ಅಂದರು. ಹೊಳೆವ್ವ ಎದ್ದು ಹೋಗಿ, ಹೊಸ್ತಿಲ ಈಚೆಯಿಂದಲೇ ಬಗ್ಗಿ ನೋಡಿದಳು. ತಿರುಗಿ ಭಟ್ಟರಿಗೆ, “ಒಣಗೇತಿ. ಹೋಗ್ರಿ ಒಳಗ” ಅಂದಳು.

ನಿನ್ನ ಕಾಕಾ